ಜಮಾಖರ್ಚಿನಲ್ಲಿಲ್ಲದ ಬಾಬತ್ತು



ಕಳೆದ ಸಂಚಿಕೆಯಲ್ಲಿ ಮಕ್ಕಳ ಕೈಬರಹ ಕೆಡುತ್ತಿರುವುದನ್ನು ಕುರಿತು ಬರೆದಿದ್ದೆ. ಅದನ್ನೋದಿ ಕೆಲವು ಪಾಲಕರು ಪತ್ರ ಬರೆದಿದ್ದಾರೆ. ಅವರಲ್ಲಿ ಇಬ್ಬರ ಅಕ್ಷರವನ್ನು ಓದಲು ನನಗೆ ಭೂತಗನ್ನಡಿ ಬೇಕಾಯಿತು. ಅದಿರಲಿ. ಈ ತಿಂಗಳು ಬರೆಯಹೊರಟಿರುವುದು ನಗುವ ವಿಷಯವಲ್ಲ. ಮನೆಯ ಯಜಮಾನರು ಓದಿ ಮಡಚಿಡುವ ಮುನ್ನ ಈ ಪುಟವನ್ನು ಮನೆಯ ಹೆಣ್ಣುಮಕ್ಕಳ ಕೈಗೂ ಕೊಡಬೇಕೆಂದು ಮೊದಲೇ ಬೇಡಿಕೊಳ್ಳುತ್ತೇನೆ.

ನಮ್ಮ ಗಡಿಭಾಗದಲ್ಲಿ ಸಮಾಜದ ಹೆಸರಿನಲ್ಲಿ ನಡೆಯುವ ಸಂಘಗಳಿಗೂ ಟ್ರಸ್ಟುಗಳಿಗೂ ತರುಣ ಮಂಡಳಗಳಿಗೂ ಕೊರತೆಯಿಲ್ಲ. ಮಾಲಗಾಂವ, ಬೇಡಗ, ಆರಗ, ನರವಾಡಗಳಂಥ ಎಲೆತೋಟದ ಊರುಗಳಲ್ಲಿ ಎಲೆಯನ್ನು ಮಾರಿದ ಹಣದಲ್ಲಿ ಒಂದು ಪಾಲನ್ನು ಧರ್ಮಕ್ಕೆಂದು ತೆಗೆದಿಡುವ ಮನೆತನಗಳು ಇಂದಿಗೂ ಇವೆ. ವರ್ಷಕ್ಕೊಮ್ಮೆ ಈ ಸಂಘಗಳ ಜಮಾಖರ್ಚಿನ ಪತ್ರಿಕೆ ಅಚ್ಚಾಗಿ ಮನೆಮನೆಗೆ ಬರುತ್ತದೆ. ಲೆಕ್ಕದ ಮಾಸ್ತರನಾದ ನನಗೆ ಅದನ್ನು ಮೊದಲಿನಿಂದ ಕೊನೆಯವರೆಗೆ ಓದುವ ಚಟವಿದೆ. ಸಾಮೂಹಿಕ ವಿವಾಹ, ವಿದ್ಯಾರ್ಥಿಗಳಿಗೆ ಪಾರಿತೋಷಕ, ಜಾತ್ರೆಯ ಅನ್ನಪ್ರಸಾದ, ಸಭಾಭವನದ ಫರಸಿ, ಅಂತ್ಯಕ್ರಿಯೆಗೆ ಸಹಾಯ, ನೆರೆ ಪೀಡಿತರಿಗೆ ನೆರವು; ಇವೆಲ್ಲ ಇರುತ್ತವೆ. ಮದುವೆ ಮಾಡಿಕೊಡಲು ಹಣವಿದೆ, ಮಣ್ಣು ಮಾಡಲು ಹಣವಿದೆ. ಈ ಎರಡರ ನಡುವೆ, ಹೊಡೆತ ತಿಂದು ಗಂಡನ ಮನೆಯಿಂದ ಹೊರಬಿದ್ದ ಹೆಣ್ಣುಮಗಳಿಗೆಂದು ಬರೆದ ಒಂದು ಸಾಲನ್ನು ನಾನು ಯಾವ ಪತ್ರಿಕೆಯಲ್ಲಿಯೂ ಕಂಡಿಲ್ಲ.

ನೆರೆಯ ಮಾತು ಬಂದಿತಾದ್ದರಿಂದ ಒಂದು ಹೋಲಿಕೆಯನ್ನು ಹೇಳಬೇಕು. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ಸಾಂಗಲಿ ಪಟ್ಟಣದೊಳಗೆ ನುಗ್ಗಿದಾಗ ಸುತ್ತಲಿನ ಹಳ್ಳಿಗಳಿಂದ ರೊಟ್ಟಿಯ ಗಂಟುಗಳು, ಹೊದಿಕೆಗಳು, ಕುಡಿಯುವ ನೀರು ಹೋದುವು. ರೊಟ್ಟಿ ಕಟ್ಟಿಕೊಟ್ಟ ಯಾವ ತಾಯಿಯೂ, ‘ನೀವು ಹೊಳೆಯ ದಂಡೆಗೆ ಮನೆಯನ್ನೇಕೆ ಕಟ್ಟಿದಿರಿ? ಸ್ವಲ್ಪ ಹೊಂದಿಕೊಂಡು ನೀರಿನಲ್ಲಿಯೇ ಇರಬಾರದಿತ್ತೇ?’ ಎಂದು ಕೇಳಲಿಲ್ಲ. ಮೊದಲು ರೊಟ್ಟಿ, ವಿಚಾರಣೆ ಆಮೇಲೆ. ಆದರೆ ಮೈಮೇಲೆ ಬಾಸುಂಡೆಯನ್ನು ಹೊತ್ತು ತವರಿಗೆ ಬಂದ ಮಗಳಿಗೆ ಮೊದಲು ವಿಚಾರಣೆ. ತಪ್ಪು ಯಾರದೆಂದು ತೀರ್ಮಾನವಾಗುವ ತನಕ ರೊಟ್ಟಿಯೂ ಭಿಕ್ಷೆಯೇ.

ಇದು ಎಲ್ಲೋ ಒಂದೆರಡು ಮನೆಗಳ ಮಾತೆಂದು ತಿಳಿಯಬೇಡಿ. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 18ರಿಂದ 49 ವಯಸ್ಸಿನ ಮದುವೆಯಾದ ಹೆಣ್ಣುಮಕ್ಕಳಲ್ಲಿ ಗಂಡನಿಂದ ಹಿಂಸೆಯನ್ನು ಅನುಭವಿಸಿದವರ ಪ್ರಮಾಣ ಕರ್ನಾಟಕದಲ್ಲಿ ನೂರಕ್ಕೆ 44, ಮಹಾರಾಷ್ಟ್ರದಲ್ಲಿ ನೂರಕ್ಕೆ 25 ಎಂದು ಕಂಡುಬಂದಿತು. ಇಡೀ ದೇಶದಲ್ಲಿ ಕರ್ನಾಟಕದ ಸಂಖ್ಯೆಯೇ ಎಲ್ಲಕ್ಕೂ ಹೆಚ್ಚಿನದು. ಗಡಿಯ ಈಚೆಗಿರುವ ನಾವು ಅದನ್ನೋದಿ ಎದೆಯುಬ್ಬಿಸಿಕೊಳ್ಳುವಂತಿಲ್ಲ. ನಾಲ್ವರಲ್ಲಿ ಒಬ್ಬಳೆಂದರೆ ನಮ್ಮ ಒಂದು ಓಣಿಯಲ್ಲಿ ಎಷ್ಟು ಮನೆಯಾಯಿತೆಂಬುದನ್ನು ನೀವೇ ಎಣಿಸಿಕೊಳ್ಳಬಹುದು. ಅದೇ ಸಮೀಕ್ಷೆಯಲ್ಲಿ ಇನ್ನೊಂದು ಸಂಖ್ಯೆಯಿದೆ. ಹಿಂಸೆಯನ್ನು ಅನುಭವಿಸಿದವರಲ್ಲಿ ಯಾರದಾದರೂ ಸಹಾಯವನ್ನು ಬೇಡಿದವರು ದೇಶದಲ್ಲಿ ನೂರಕ್ಕೆ 14 ಮಂದಿ ಮಾತ್ರ. 77 ಮಂದಿ ಸಹಾಯವನ್ನೂ ಕೇಳಲಿಲ್ಲ, ಯಾರೆದುರೂ ಬಾಯಿ ಬಿಡಲಿಲ್ಲ. ಕೇಳಿದ ಕೆಲವರಾದರೂ ಪೊಲೀಸರಲ್ಲಿಗಾಗಲಿ ವಕೀಲರಲ್ಲಿಗಾಗಲಿ ಹೋದವರಲ್ಲ, ಬಹುಮಟ್ಟಿಗೆ ತಮ್ಮ ತವರಿನವರಲ್ಲಿಗೆ ಹೋದವರು. ಎಂದರೆ ಕಟ್ಟಕಡೆಗೆ ಅವಳು ಬರುವುದು ನಮ್ಮ ಬಾಗಿಲಿಗೇ.

ನಮ್ಮ ಬಾಗಿಲಿನಲ್ಲಿ ಏನಾಗುತ್ತದೆ? 1956ರಲ್ಲಿ ಭಾಷಾವಾರು ಪ್ರಾಂತಗಳ ಗೆರೆ ಎಳೆಯಲ್ಪಟ್ಟರೂ ಹೆಣ್ಣು ಕೊಟ್ಟು ತರುವ ದಾರಿ ಬದಲಾಗಲಿಲ್ಲ. ಅಥಣಿ, ಕಾಗವಾಡ, ಚಿಕ್ಕೋಡಿಗಳ ಹೆಣ್ಣು ಮಿರಜ ಮತ್ತು ಜತ್ತ ತಾಲೂಕುಗಳ ಸೊಸೆಯಾಗುತ್ತಾಳೆ, ಈಚಿನ ಹೆಣ್ಣು ಆಚೆಗೆ ಹೋಗುತ್ತಾಳೆ. ಅನೇಕ ಸಲ ಕೊಡುವುದು ಸೋದರಮಾವನಿಗೆ, ಇಲ್ಲವೆ ಅತ್ತೆಯ ಮಗನಿಗೆ. ಹಳೆಯ ನಂಟು, ಪರಕೀಯರಲ್ಲ, ಹುಡುಗಿ ಸುಖವಾಗಿರುತ್ತಾಳೆಂಬುದು ಹಿರಿಯರ ಭಾವನೆ. ಆ ಭಾವನೆ ಎಷ್ಟೋ ಮನೆಗಳಲ್ಲಿ ಸತ್ಯವೂ ಆಗಿದೆ. ಆದರೆ ಅದು ಸುಳ್ಳಾದ ಮನೆಯಲ್ಲಿ ಮಗಳ ಪಾಡು ಬೇರೆಯವರಿಗಿಂತ ಕಠಿಣ. ಹೊಡೆಯುವವನು ತಾಯಿಯ ಒಡಹುಟ್ಟಿದವನು. ಅವನ ಮೇಲೆ ಯಾರಲ್ಲಿ ದೂರುವುದು? ತಾಯಿ ತಮ್ಮನನ್ನು ಬಿಡಲಾರಳು, ಮಗಳನ್ನು ಇಟ್ಟುಕೊಳ್ಳಲಾರಳು.

ಒಂದು ಉದಾಹರಣೆಯನ್ನು ಹೇಳುತ್ತೇನೆ. ಹೆಸರು ಬೇಡ, ಊರು ಬೇಡ. ಈ ಭಾಗದ ಒಬ್ಬ ಹೆಣ್ಣುಮಗಳನ್ನು ಆಚೆಯ ಒಂದು ಹಳ್ಳಿಗೆ ಸಂಬಂಧದಲ್ಲಿಯೇ ಕೊಟ್ಟಿದ್ದರು. ಮೂರು ಸಲ ತವರಿಗೆ ಬಂದಳು. ಮೂರು ಸಲವೂ ಪಂಚರು ಕೂಡಿದರು, ಎರಡೂ ಕಡೆಯ ಹಿರಿಯರು ಚಹಾ ಕುಡಿದರು, ‘ಹೆಣ್ಣು ಭೂಮಿತೂಕದ್ದಾಗಿರಬೇಕು’ ಎಂಬ ಮಾತು ಬಂದಿತು. ಉಡಿ ತುಂಬಿ, ಸೀರೆ ಖಣ ಕೊಟ್ಟು, ಜೀಪು ಗೊತ್ತುಮಾಡಿ ಕಳಿಸಿಕೊಟ್ಟರು. ಮೂರನೆಯ ಸಲದ ಜೀಪಿನ ಬಾಡಿಗೆಯನ್ನು ತವರಿನವರು ಕೊಡಲಾರದಾದಾಗ ಸಮಾಜದ ನಿಧಿಯಿಂದ ಕೊಟ್ಟರಂತೆ. ನಿಧಿಯಿಂದ ಇಂಥವಳಿಗೆ ಏನೂ ಸಿಕ್ಕಿಲ್ಲವೆಂದು ಮೇಲೆ ಬರೆದೆನಲ್ಲ, ಅದನ್ನು ಈ ಮಟ್ಟಿಗೆ ತಿದ್ದಿಕೊಳ್ಳಬಹುದು: ಹೊಡೆತಕ್ಕೆ ಮರಳಿ ಹೋಗುವ ಬಾಡಿಗೆ ಸಿಕ್ಕಿದೆ.

ನಾಲ್ಕನೆಯ ಸಲ ಅವಳು ತವರಿಗೆ ಬರಲಿಲ್ಲ. ಮುರಿದ ಮುಂಗೈಯೊಡನೆ ನೇರವಾಗಿ ಮಿರಜದ ಒಂದು ದವಾಖಾನೆಗೆ ಬಂದಳು. ಗಡಿಯ ಆಚೆಯವರಿಗೂ ಮಿರಜವೆಂದರೆ ದವಾಖಾನೆಯ ಊರು. 1894ರಲ್ಲಿ ಡಾಕ್ಟರ ವಾನ್ಲೆಸ್ಸರು ಆಸ್ಪತ್ರೆಯನ್ನು ಕಟ್ಟಿದಂದಿನಿಂದ ಈ ದಾರಿ ಸವೆದಿದೆ, ಅಥಣಿಯವರಿಗೆ ತಮ್ಮ ಜಿಲ್ಲಾಸ್ಥಳ ಬೆಳಗಾವಿಗಿಂತ ಮಿರಜವೇ ಹತ್ತಿರ. ಅಲ್ಲಿ ಕೇಳಿದ್ದಕ್ಕೆ ಅವಳು ಎಲ್ಲರೂ ಹೇಳುವುದನ್ನೇ ಹೇಳಿದಳು: ‘ಮೆಟ್ಟಲ ಮ್ಯಾಲೆ ಜಾರಿದ್ನಿ.’ ಪಕ್ಕದ ಹಾಸಿಗೆಯ ರೋಗಿಯನ್ನು ನೋಡಲು ಬಂದಿದ್ದ ಒಬ್ಬ ನಿವೃತ್ತ ನರ್ಸಬಾಯಿ, ಕನ್ನಡದವರೇ, ಬಳಿಗೆ ಹೋಗಿ ಕುಳಿತು, ‘ಯವ್ವಾ, ನಿಮ್ಮ ಮನಿ ಮಾಳಗಿದೋ ಏನ ಹೆಂಚಿಂದೋ? ಮೆಟ್ಟಲ ಅದಾವನೂ?’ ಎಂದು ಕೇಳಿದರಂತೆ. ಹೆಂಚಿನ ಮನೆ, ಮೆಟ್ಟಿಲೇ ಇಲ್ಲ. ಅವಳು ಅತ್ತಳು. ಆ ನರ್ಸಬಾಯಿ ಡಾಕ್ಟರರಿಗೆ ಹೇಳಿ ಗಾಯದ ನಿಜವಾದ ಕಾರಣವನ್ನು ಕಾಗದದ ಮೇಲೆ ಬರೆಸಿದರು. ಮೂರು ತಿಂಗಳ ಬಾಡಿಗೆಯನ್ನು ಮುಂಗಡ ಕೊಟ್ಟು ಒಂದು ಕೋಣೆಯನ್ನು ಹಿಡಿದುಕೊಟ್ಟರು. ಹುಡುಗರ ಒಂದು ಮೆಸ್ಸಿನಲ್ಲಿ ರೊಟ್ಟಿ ಬಡಿಯುವ ಕೆಲಸಕ್ಕೆ ಮಾತಾಡಿದರು. ಅವಳೊಡನೆ ನಾಲ್ಕು ಸಲ ಕಚೇರಿಗಳಿಗೆ ಹೋಗಿ ಬಂದರು. ಅಷ್ಟೇ. ಇಂದು ಆ ಹೆಣ್ಣುಮಗಳು ತನ್ನ ಇಬ್ಬರು ಮಕ್ಕಳೊಡನೆ ತನ್ನ ದುಡಿಮೆಯಲ್ಲಿ ಬದುಕಿದ್ದಾಳೆ. ಖರ್ಚಾದದ್ದನ್ನು ಕೂಡಿಸಿ ನೋಡಿದರೆ ನಮ್ಮ ಸಾಮೂಹಿಕ ವಿವಾಹದ ಮಂಟಪದ ಹೂವಿನ ಖರ್ಚಿಗೂ ಸಮನಾಗಲಿಕ್ಕಿಲ್ಲ. ಇದು ಧರ್ಮಾರ್ಥದ ಕೆಲಸವೆಂದು ಆ ನರ್ಸಬಾಯಿಗೆ ಅನ್ನಿಸಿಯೇ ಇಲ್ಲ. ಒಬ್ಬರು ಮಾಡಿದ್ದನ್ನು ಒಂದು ಸಮಾಜ ಮಾಡಬಾರದೇಕೆ ಎಂಬುದೇ ನನ್ನ ಪ್ರಶ್ನೆ.

ಗಂಡ ಸತ್ತವಳಿಗೆ ಆಶ್ರಯ ಕೊಡುವುದು ಪುಣ್ಯವೆಂದು ಒಪ್ಪಿಕೊಳ್ಳುವುದಕ್ಕೇ ಈ ಸಮಾಜಕ್ಕೆ ಬಹಳ ಕಾಲ ಹಿಡಿಯಿತು. ಕನ್ನಡ ನಾಡಿನ ಘಟ್ಟದ ಮೇಲಿನ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿಯವರು 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನವನ್ನು ತೆರೆದಾಗ ಅದಕ್ಕೆ ಬೇಕಾದ ಹಣ ಅಮೇರಿಕೆಯ ಬಾಸ್ಟನ್ ಪಟ್ಟಣದ ಸಂಘದಿಂದ ಬರಬೇಕಾಯಿತು. ಆ ಸದನದ ಮೊದಲ ವಿಧವಾ ವಿದ್ಯಾರ್ಥಿನಿಯಾದ ಗೋದೂಬಾಯಿ 1893ರಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ಮದುವೆಯಾಗಿ, ಮುಂದೆ ಕರ್ವೆಯವರ ಆಶ್ರಮಕ್ಕಾಗಿ ಊರೂರು ತಿರುಗಿ ಹಣ ಕೂಡಿಸಿದರು. ನಮ್ಮ ಜಿಲ್ಲೆಯ ದೇವರಾಷ್ಟ್ರೆಯಲ್ಲಿ ಹುಟ್ಟಿದ ರಮಾಬಾಯಿ ರಾನಡೆಯವರು 1909ರಲ್ಲಿ ಪುಣೆಯ ಸೇವಾಸದನವನ್ನು ಕಟ್ಟಿದರು. ಇವೆಲ್ಲ ಹೆಚ್ಚಾಗಿ ಅನಾಥೆಯರಿಗೂ ವಿಧವೆಯರಿಗೂ ದೊರೆತ ಆಸರೆ. ಗಂಡ ಬದುಕಿದ್ದೂ ಗಂಡನಿಲ್ಲದವಳ ಸರತಿ ಬಹಳ ತಡವಾಗಿ ಬಂದಿತು. ವಿಧವೆಗೆ ಕನಿಕರವಾದರೂ ಉಂಟು. ಬಿಟ್ಟವಳಿಗೆ, ಬಿಡಲ್ಪಟ್ಟವಳಿಗೆ ಸಂಶಯವೇ ಪಾಲು.

ಮರಾಠಿಯಲ್ಲಿ ಇಂಥವಳನ್ನು ‘ಪರಿತ್ಯಕ್ತಾ’ ಎನ್ನುತ್ತಾರೆ. ಈ ಪರಿತ್ಯಕ್ತೆಯರ ಪ್ರಶ್ನೆಯನ್ನು ಬೀದಿಗೆ ತಂದವರಲ್ಲಿ ನಮ್ಮ ಸಾಂಗಲಿ ಜಿಲ್ಲೆಯವರೇ ಮುಂದಿನ ಸಾಲಿನಲ್ಲಿದ್ದರೆಂಬುದು ನಮ್ಮ ಮಕ್ಕಳಿಗೆ ತಿಳಿದಿರುವುದಿಲ್ಲ. ವಾಳವಾ ತಾಲೂಕಿನ ಕಾಸೇಗಾಂವದ ಇಂದೂತಾಯಿ ಪಾಟಣಕರರು ಕ್ರಾಂತಿಸಿಂಹ ನಾನಾ ಪಾಟೀಲರ ಪ್ರತಿಸರಕಾರದ ಕಾಲದಲ್ಲಿ ಹೋರಾಡಿದವರು. ಸ್ವಾತಂತ್ರ್ಯ ಬಂದ ಬಳಿಕ ಪತಿ ಬಾಬೂಜಿಯವರ ಕೊಲೆಯಾಯಿತು. ಚಿಕ್ಕ ಮಗನನ್ನು ಕಟ್ಟಿಕೊಂಡು ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿ ಸಂಸಾರವನ್ನು ನಡೆಸಿದರು. ನಮ್ಮ ವೃತ್ತಿಯವರೆಂದು ನಾನು ಅಭಿಮಾನಪಡುತ್ತೇನೆ. 1980ರ ದಶಕದಲ್ಲಿ, ಅರವತ್ತು ದಾಟಿದ ವಯಸ್ಸಿನಲ್ಲಿ, ಸ್ತ್ರೀ ಮುಕ್ತಿ ಸಂಘರ್ಷ ಚಳವಳಿಯ ಮೂಲಕ ಅವರು ಹಳ್ಳಿಹಳ್ಳಿಯ ಪರಿತ್ಯಕ್ತೆಯರನ್ನು ಒಟ್ಟುಗೂಡಿಸಿದರು. ಅವರ ಬೇಡಿಕೆಗಳನ್ನು ಗಮನಿಸಬೇಕು. ಸೀರೆ ಬೇಡಲಿಲ್ಲ, ಕನಿಕರ ಬೇಡಲಿಲ್ಲ. ತನ್ನ ಹೆಸರಿನಲ್ಲಿ ಪ್ರತ್ಯೇಕ ರೇಶನ್ ಕಾರ್ಡು ಬೇಕೆಂದರು, ದುಡಿದು ತಿನ್ನಲು ತುಸು ಭೂಮಿ ಬೇಕೆಂದರು. ರೇಶನ್ ಕಾರ್ಡೆಂದರೆ ಬರಿಯ ಅಕ್ಕಿ ಗೋದಿಯ ಚೀಟಿಯಲ್ಲ, ‘ನೀನೂ ಒಂದು ಮನೆ’ ಎಂದು ಸರಕಾರ ಒಪ್ಪಿ ಕೊಟ್ಟ ಕಾಗದವೆಂಬುದನ್ನು ಅವರು ಅರಿತಿದ್ದರು. 1988ರಲ್ಲಿ ಅಹಮದನಗರ ಜಿಲ್ಲೆಯ ಸಂಗಮನೇರದಲ್ಲಿ ಪರಿತ್ಯಕ್ತೆಯರದೇ ಒಂದು ಪರಿಷತ್ತು ನೆರೆಯಿತು. ಇಂದೂತಾಯಿ 2017ರಲ್ಲಿ ತೀರಿಕೊಂಡರು. ಗಡಿಯ ಕನ್ನಡದ ಹಳ್ಳಿಗಳಲ್ಲಿ ಅವರ ಹೆಸರು ಇನ್ನೂ ಬೇರೂರಿಲ್ಲ. ಅದು ಭಾಷೆಯ ಗೋಡೆಯ ದೋಷ.

ಆ ಕಾಗದದ ಮಹತ್ವ ಇಂದೂ ಕಡಿಮೆಯಾಗಿಲ್ಲ, ಗಡಿಯಲ್ಲಂತೂ ಇಮ್ಮಡಿಯಾಗಿದೆ. 2024ರಲ್ಲಿ ಮಹಾರಾಷ್ಟ್ರ ಸರಕಾರ ‘ಲಾಡಕೀ ಬಹೀಣ’ ಯೋಜನೆಯನ್ನು ಸಾರಿದಾಗ ಅದರಲ್ಲಿ ಪರಿತ್ಯಕ್ತೆಯರಿಗೂ ಸ್ಥಾನವಿತ್ತು, ಸಂತೋಷದ ಸಂಗತಿ. ಆದರೆ ಪರರಾಜ್ಯದಲ್ಲಿ ಹುಟ್ಟಿ ಇಲ್ಲಿಗೆ ಸೊಸೆಯಾಗಿ ಬಂದವಳು ರಹಿವಾಸಕ್ಕೆ ಆಧಾರವಾಗಿ ಗಂಡನ ಜನ್ಮದ ದಾಖಲೆಯನ್ನೋ ಶಾಲೆಯ ದಾಖಲೆಯನ್ನೋ ತರಬಹುದೆಂದು ಹೇಳಲಾಗಿತ್ತು. ಯಾವ ಗಂಡನ ಭಯದಿಂದ ಮನೆ ಬಿಟ್ಟಳೋ ಅವನ ಕಾಗದವನ್ನು ತರಲು ಅವಳು ಯಾವ ಮುಖದಿಂದ ಹೋಗಬೇಕು? ಆಚೆಗೂ ಹೀಗೆಯೇ. ಕರ್ನಾಟಕದ ‘ಗೃಹಲಕ್ಷ್ಮಿ’ಯ ಹಣ ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿಯೆಂದು ಬರೆದವಳಿಗೆ, ತವರಿಗೆ ಬಂದವಳು ಅತ್ತೆಯ ಚೀಟಿಯಲ್ಲಿಯೂ ಯಜಮಾನಿಯಲ್ಲ, ತಾಯಿಯ ಚೀಟಿಯಲ್ಲಿಯೂ ಅಲ್ಲ. ಇಂಥಲ್ಲಿ ಅವಳಿಗೆ ಬೇಕಾದುದು ತಹಸೀಲ ಕಚೇರಿಗೆ ಮೂರು ಸಲ ಹೋಗಿಬರುವ ಬಸ್ಸಿನ ಖರ್ಚು, ಅರ್ಜಿ ಬರೆದುಕೊಡುವ ಒಬ್ಬರು, ಜೊತೆಗೆ ನಿಲ್ಲುವ ಒಬ್ಬರು. ನಮ್ಮ ನಿಧಿಗಳು ಕೊಡಬಲ್ಲಂಥವು ಇವೇ.

ಇನ್ನು ಕಾಯಿದೆಯ ಮಾತು. ‘ಮದುವೆ ಆಚೆ, ಹೊಡೆತ ಆಚೆ, ಕೇಸು ಮಾಡುವುದಿದ್ದರೆ ಆಚೆಗೇ ಹೋಗಬೇಕು’ ಎಂದು ನಮ್ಮ ಪಂಚರು ಹೇಳುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಇದು ಸರಿಯಲ್ಲ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯಿದೆ 2006ರ ಅಕ್ಟೋಬರ 26ರಿಂದ ಜಾರಿಯಲ್ಲಿದೆ. ಅದರ 27ನೆಯ ಕಲಮಿನ ಪ್ರಕಾರ ನೊಂದವಳು ತಾತ್ಪೂರ್ತಿಕವಾಗಿ ವಾಸಿಸುವ ಊರಿನ ಮ್ಯಾಜಿಸ್ಟ್ರೇಟರಲ್ಲಿಯೂ ಅರ್ಜಿ ಕೊಡಬಹುದು, ಅವರು ಕೊಟ್ಟ ಆದೇಶ ಇಡೀ ಭಾರತದಲ್ಲಿ ನಡೆಯುತ್ತದೆ. ಅಥಣಿಯ ಸೊಸೆ ಮಿರಜದಲ್ಲಿ ಕೇಳಬಹುದು, ಮಿರಜದ ಸೊಸೆ ಅಥಣಿಯಲ್ಲಿ ಕೇಳಬಹುದು. ಗಂಡನ ಮತ್ತು ಅವನ ಮನೆಯವರ ಕ್ರೌರ್ಯದ ಫಿರ್ಯಾದಿಯನ್ನು ಕೂಡ ಅವಳು ಆಶ್ರಯ ಪಡೆದ ಊರಿನಲ್ಲಿಯೇ ಕೊಡಬಹುದೆಂದು ಸುಪ್ರೀಮ್ ಕೋರ್ಟು 2019ರಲ್ಲಿ ತೀರ್ಪು ಕೊಟ್ಟಿದೆ. ಭಾರತೀಯ ದಂಡ ಸಂಹಿತೆಯಲ್ಲಿ 1983ರಲ್ಲಿ ಸೇರಿದ 498-ಅ ಎಂಬ ಆ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೆಯ ಕಲಮುಗಳಾಗಿದೆ. ‘ಇದು ನಮ್ಮ ಹದ್ದಿನೊಳಗಿನದಲ್ಲ’ ಎಂದು ಠಾಣೆಯವರು ಮರಳಿ ಕಳಿಸುವಂತಿಲ್ಲವೆಂಬುದೂ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಸ್ಪಷ್ಟವಾಗಿದೆ. ಬರೆದುಕೊಂಡ ಫಿರ್ಯಾದಿಯನ್ನು ಅವಳಿಗೆ ಓದಿ ಹೇಳಬೇಕು, ಪ್ರತಿಯನ್ನು ಪುಕ್ಕಟೆ ಕೊಡಬೇಕು. ಮಿರಜದಲ್ಲಿ ಅದು ಮರಾಠಿಯಲ್ಲಿರುತ್ತದೆ. ಕನ್ನಡವೊಂದೇ ಬಲ್ಲ ಹೆಣ್ಣುಮಗಳು ಹೆಬ್ಬೆಟ್ಟು ಒತ್ತುವ ಮೊದಲು ಎರಡೂ ಭಾಷೆ ಬಲ್ಲವರೊಬ್ಬರು ಬಳಿಯಲ್ಲಿದ್ದು ವಿವರಿಸಿದರೆ ಅದಕ್ಕಿಂತ ಹೆಚ್ಚಿನ ದಾನವಿಲ್ಲ. ಎರಡೂ ಭಾಷೆ ಬಲ್ಲವರು ನಮ್ಮಲ್ಲಿ ಮನೆಗೊಬ್ಬರಿದ್ದಾರೆ. ವಕೀಲರ ಫೀಯ ಚಿಂತೆಯೂ ಬೇಡ; 1987ರ ಕಾಯಿದೆಯ ಮೇರೆಗೆ ಹೆಣ್ಣುಮಕ್ಕಳಿಗೆ ಆದಾಯ ಎಷ್ಟಿದ್ದರೂ ಸರಕಾರದ ಉಚಿತ ಕಾನೂನು ಸಹಾಯವಿದೆ.

ನಮ್ಮ ಸಂಘಗಳ ಪದಾಧಿಕಾರಿಗಳು ಓದಲೇಬೇಕಾದ ಒಂದು ಕಲಮು ಅದೇ 2005ರ ಕಾಯಿದೆಯಲ್ಲಿದೆ, ಹತ್ತನೆಯದು. ಹೆಣ್ಣುಮಕ್ಕಳ ಹಕ್ಕು ಮತ್ತು ಹಿತದ ರಕ್ಷಣೆಯನ್ನು ಉದ್ದೇಶವಾಗಿಟ್ಟುಕೊಂಡ ನೋಂದಾಯಿತ ಸಂಸ್ಥೆಗಳು ರಾಜ್ಯ ಸರಕಾರದಲ್ಲಿ ‘ಸೇವಾ ಸಂಸ್ಥೆ’ ಎಂದು ನೋಂದಾಯಿಸಿಕೊಳ್ಳಬಹುದು. ಅಂಥ ಸಂಸ್ಥೆ ಅವಳ ಹೇಳಿಕೆಯನ್ನು ಗೊತ್ತಾದ ನಮೂನೆಯಲ್ಲಿ ಬರೆದುಕೊಂಡು ಮ್ಯಾಜಿಸ್ಟ್ರೇಟರಿಗೂ ಸಂರಕ್ಷಣಾಧಿಕಾರಿಗೂ ಕಳಿಸಬಹುದು, ವೈದ್ಯಕೀಯ ತಪಾಸಣೆ ಮಾಡಿಸಬಹುದು, ಆಶ್ರಯಗೃಹಕ್ಕೆ ಸೇರಿಸಬಹುದು. ಸದ್ಭಾವನೆಯಿಂದ ಮಾಡಿದ ಕೆಲಸಕ್ಕಾಗಿ ಅದರ ಮೇಲೆ ಯಾರೂ ದಾವೆ ಹೂಡುವಂತಿಲ್ಲ. ಆದರೆ ಅರ್ಜಿಗೆ ಮುಂಚಿತವಾಗಿ ಕನಿಷ್ಠ ಮೂರು ವರ್ಷ ಇಂಥ ಸೇವೆಯನ್ನು ಮಾಡಿರಬೇಕೆಂದು ನಿಯಮವಿದೆ. ಎಂದರೆ ಇಂದು ಆರಂಭಿಸಿದರೆ ಮೂರು ವರ್ಷದ ಮೇಲೆ. ಜಿಲ್ಲೆಗೊಂದರಂತೆ 2015ರಿಂದ ಸರಕಾರ ತೆರೆದ ‘ಸಖಿ’ ಕೇಂದ್ರಗಳಲ್ಲಿ ತಾತ್ಪೂರ್ತಿಕ ವಸತಿ ಐದು ದಿನಗಳದು. ಆರನೆಯ ದಿನ ಅವಳು ಎಲ್ಲಿಗೆ ಹೋಗಬೇಕೆಂಬುದೇ ನಮ್ಮಂಥವರ ಪಾಲಿಗೆ ಉಳಿಯುವ ಕೆಲಸ.

ಇದಕ್ಕೆ ಬರುವ ಆಕ್ಷೇಪಣೆಗಳನ್ನು ನಾನು ಬಲ್ಲೆ. ‘ಮಾಸ್ತರ, ಇದು ಮನೆ ಮುರಿಯುವ ಕೆಲಸ’ ಎನ್ನುತ್ತಾರೆ. ಕೈ ಮುರಿದ ದಿನವೇ ಮನೆ ಮುರಿದಿರುತ್ತದೆ. ‘ಸುಳ್ಳು ಫಿರ್ಯಾದಿಗಳೂ ಇರುತ್ತವಲ್ಲ?’ ಎನ್ನುತ್ತಾರೆ. ಇರಬಹುದು. ಸತ್ಯ ಸುಳ್ಳುಗಳ ನಿರ್ಣಯಕ್ಕೆ ನ್ಯಾಯಾಲಯವಿದೆ. ನಾವು ಕೊಡಬೇಕೆಂದಿರುವುದು ತೀರ್ಪನ್ನಲ್ಲ, ಕೋಣೆಯ ಬಾಡಿಗೆಯನ್ನು. ಮಗನಿಂದ ಹೊಡೆತ ತಿನ್ನುವ ಮುದಿತಾಯಿಯೂ ಈ ಕಾಯಿದೆಯ ಆಸರೆಗೆ ಬರುತ್ತಾಳೆಂಬುದನ್ನು ಇದನ್ನು ‘ಸೊಸೆಯರ ಕಾಯಿದೆ’ ಎಂದು ಹಳಿಯುವ ಅತ್ತೆಯಂದಿರು ತಿಳಿಯಬೇಕು.

ಪಂಚರ ರಾಜಿಯನ್ನು ನಾನು ಪೂರ್ತಿಯಾಗಿ ಬೇಡವೆನ್ನುವುದಿಲ್ಲ. ಎಷ್ಟೋ ಸಂಸಾರಗಳು ಹಿರಿಯರ ಮಾತಿನಿಂದ ನೇರ್ಪಟ್ಟಿವೆ. ಆದರೆ ಮಾತಿಗೆ ಮಾತು ಬೆಳೆದು ಮುನಿಸಿಕೊಂಡವರಿಗೂ ಮೈಮೇಲೆ ಕೈ ಮಾಡಿದಲ್ಲಿಗೂ ಅಂತರವನ್ನು ಕಾಣಬೇಕು. ಸ್ಟ್ಯಾಂಪು ಕಾಗದದ ಮೇಲೆ ಸೋಡಚೀಟಿ ಬರೆಸಿ ‘ಅನ್ನವಸ್ತ್ರಕ್ಕಾಗಿ ಏನೂ ಕೇಳುವುದಿಲ್ಲ’ ಎಂದು ಅವಳ ಹೆಬ್ಬೆಟ್ಟು ಒತ್ತಿಸುವ ರೂಢಿಯಂತೂ ನಿಲ್ಲಲೇಬೇಕು. ನೋಟರಿಯ ಮುದ್ರೆ ಬಿದ್ದ ಮಾತ್ರಕ್ಕೆ ಅದು ನ್ಯಾಯಾಲಯದ ವಿಚ್ಛೇದನವಾಗುವುದಿಲ್ಲ. ಮದುವೆಯಲ್ಲಿ ಅವಳಿಗೆ ಬಂದ ಬಂಗಾರ ಭಾಂಡೆಗಳು ಸ್ತ್ರೀಧನ. ಅವನ್ನು ಮರಳಿ ಕೊಡಿಸುವ ಅಧಿಕಾರ ಮ್ಯಾಜಿಸ್ಟ್ರೇಟರಿಗಿದೆ.

ನಿಧಿಯನ್ನು ಹೇಗೆ ಕೊಡಬೇಕೆಂಬ ಬಗ್ಗೆ ಎರಡು ಮಾತು. ನಮ್ಮ ದಾನಕ್ಕೆ ಹಾರ, ಶಾಲು, ಫೋಟೋ ಇಲ್ಲದೆ ನಡೆಯುವುದಿಲ್ಲ. ಕೊಟ್ಟವರ ಹೆಸರಿನ ಪಕ್ಕದಲ್ಲಿ ಪಡೆದವರ ಹೆಸರನ್ನೂ ಅಚ್ಚು ಹಾಕಿಸುತ್ತೇವೆ. ಇಲ್ಲಿ ಅದು ಕೂಡದು. ಅವಳ ಹೆಸರು ಇಬ್ಬರಿಗೆ ಮಾತ್ರ ಗೊತ್ತಿರಬೇಕು, ಆ ಇಬ್ಬರಲ್ಲಿ ಒಬ್ಬರಾದರೂ ಹೆಂಗಸಾಗಿರಬೇಕು, ಇಬ್ಬರಲ್ಲಿ ಯಾರೂ ಗಂಡನ ಮನೆಯ ಬೀಗರಾಗಿರಬಾರದು. ಜಮಾಖರ್ಚಿನಲ್ಲಿ ಮೊತ್ತವನ್ನು ತೋರಿಸಿದರೆ ಸಾಕು. ‘ಗಂಡನ ಮನೆಗೆ ಹೋಗುವುದಾದರೆ ಕೊಡುತ್ತೇವೆ’ ಎಂಬ ಕರಾರು ಬೇಡ. ‘ಹೋಗದಿದ್ದರೆ ಮಾತ್ರ ಕೊಡುತ್ತೇವೆ’ ಎಂಬ ಕರಾರೂ ಬೇಡ. ಹೋಗಿ ಮತ್ತೆ ಬಂದಳೆಂದು ಎರಡನೆಯ ಸಲ ಬಾಗಿಲು ಹಾಕಬಾರದು. ಮತ್ತೆ, ದಯಮಾಡಿ, ಎಲ್ಲರಿಗೂ ಹೊಲಿಗೆಯ ಯಂತ್ರವನ್ನೇ ಕೊಡಬೇಡಿ. ಒಂದು ಓಣಿಯಲ್ಲಿ ಮೂರು ಯಂತ್ರಗಳಾದರೆ ಯಾರ ಜಂಪರು ಯಾರು ಹೊಲಿಯಬೇಕು? ಎಲೆ ಕೊಯ್ಯುವವಳಿಗೆ ಎಲೆಯ ಕೆಲಸ, ರೊಟ್ಟಿ ಬಡಿಯುವವಳಿಗೆ ರೊಟ್ಟಿಯ ಕೆಲಸ, ಹತ್ತನೆಯ ಇಯತ್ತೆ ಓದಿದವಳಿಗೆ ಮುಂದಿನ ಓದು. ಅವಳನ್ನು ಕೇಳಿದರೆ ಅವಳೇ ಹೇಳುತ್ತಾಳೆ.

ಕೊನೆಯದಾಗಿ ಗಡಿಯ ಎರಡೂ ಕಡೆಯ ನನ್ನ ಮುಖ್ಯಾಧ್ಯಾಪಕ ಬಂಧುಗಳಲ್ಲಿ ಒಂದು ಬಿನ್ನಹ. ವರ್ಷದ ನಡುವೆ, ಕಬ್ಬು ಕಡಿಯುವವರ ಮಕ್ಕಳಲ್ಲದ, ಒಂದೇ ಚೀಲದಲ್ಲಿ ಬಟ್ಟೆಬರೆಗಳನ್ನು ತುಂಬಿಕೊಂಡು ಬಂದ ತಾಯಿಯ ಮಗುವೊಂದು ನಿಮ್ಮ ಶಾಲೆಯ ಬಾಗಿಲಿನಲ್ಲಿ ನಿಂತಿರುವುದನ್ನು ನೀವೂ ಕಂಡಿರಬೇಕು. ಮೇಲೆ ಹೇಳಿದ ಹೆಣ್ಣುಮಗಳು ನಮ್ಮ ಶಾಲೆಗೂ ಬಂದಿದ್ದಳು. ‘ಮಾಸ್ತರ, ಮಗನ ಹೆಸರ ಹಚ್ಕೊಳ್ರಿ. ದಾಖಲಾ ಇಲ್ರಿ. ಕೇಳಾಕ ಹೋದ್ರ ಎಲ್ಲಿ ಅದೀವಂತ ಅಂವಗ ಗೊತ್ತಾಗತೈತಿ’ ಎಂದಳು. 2009ರ ಶಿಕ್ಷಣ ಹಕ್ಕಿನ ಕಾಯಿದೆಯ ಐದನೆಯ ಕಲಮಿನಂತೆ ಎಂಟನೆಯ ಇಯತ್ತೆಯವರೆಗಿನ ಮಗುವಿಗೆ ದಾಖಲಾ ಇಲ್ಲವೆಂಬ ಕಾರಣದಿಂದ ಪ್ರವೇಶವನ್ನು ತಡೆಯುವಂತಿಲ್ಲ, ತಡಮಾಡುವಂತಿಲ್ಲ; ಕೇಳಿದ ಶಾಲೆಗೆ ದಾಖಲಾವನ್ನು ಕೂಡಲೇ ಕಳಿಸುವುದು ಮುಖ್ಯಾಧ್ಯಾಪಕನ ಕರ್ತವ್ಯ, ತಡಮಾಡಿದರೆ ಶಿಸ್ತಿನ ಕ್ರಮಕ್ಕೆ ಗುರಿ. ಜನ್ಮದ ದಾಖಲೆ ಇಲ್ಲದಿದ್ದರೂ ಹೀಗೆಯೇ. ನಾನು ಅಂದೇ ಹುಡುಗನ ಹೆಸರನ್ನು ಹಚ್ಚಿಕೊಂಡು, ಆಚೆಯ ಶಾಲೆಗೆ ನಾನೇ ಪತ್ರ ಬರೆದು, ಉತ್ತರವನ್ನು ಶಾಲೆಯ ವಿಳಾಸಕ್ಕಲ್ಲದೆ ಬೇರೆಲ್ಲಿಗೂ ಕಳಿಸಬಾರದೆಂದು ಕೇಳಿಕೊಂಡೆ. ಅಲ್ಲಿಯ ಗುರುಗಳು ಸಜ್ಜನರು. ದಾಖಲಾ ಬಂದಿತು, ಸುದ್ದಿ ಹೊರಬೀಳಲಿಲ್ಲ.

ನಿಮ್ಮಲ್ಲಿಗೆ ಇಂಥ ಪತ್ರ ಬಂದಾಗ ದಾಖಲಾವನ್ನು ಆ ದಿನವೇ ಬರೆದು ಕಳಿಸಿರಿ. ಗಣಕಯಂತ್ರದಲ್ಲಿ ಮಗುವಿನ ಹೆಸರನ್ನು ನಿಮ್ಮ ಶಾಲೆಯಿಂದ ಬಿಡುಗಡೆ ಮಾಡುವುದನ್ನೂ ಮರೆಯದಿರಿ. ಮಗು ಯಾವ ಊರಿಗೆ ಹೋಯಿತೆಂದು ಕಟ್ಟೆಯ ಮೇಲೆ ಕುಳಿತವರು ಕೇಳಿದರೆ ಹೇಳಬೇಡಿರಿ. ಶಾಲೆಯ ಗೋಡೆಯ ಮೇಲೆ, ತಾಯಂದಿರು ಮಕ್ಕಳಿಗಾಗಿ ಕಾಯುತ್ತ ನಿಲ್ಲುವ ಕಡೆ, ಎರಡು ಸಂಖ್ಯೆಗಳನ್ನು ದೊಡ್ಡ ಅಕ್ಷರದಲ್ಲಿ ಬರೆಯಿಸಿರಿ: ಮಹಿಳೆಯರ ಸಹಾಯವಾಣಿ 181, ತುರ್ತಿಗೆ 112. ಇವು ಗಡಿಯ ಈಚೆಗೂ ಆಚೆಗೂ ಒಂದೇ. ನಾವು ನಮ್ಮ ಶಾಲೆಯಲ್ಲಿ ಇವನ್ನು ಕುಡಿಯುವ ನೀರಿನ ಟಾಕಿಯ ಮೇಲೆ ಬರೆಯಿಸಿದ್ದೇವೆ. ನೀರು ಕುಡಿಯುವ ನೆಪದಲ್ಲಿ ನಿಂತು ಓದಿಕೊಂಡರೆ ಯಾರೂ ಏಕೆಂದು ಕೇಳುವುದಿಲ್ಲ.